ಸೇನೆಯಿಂದ ಬಂದ ಪೊಲೀಸರು, ಸಂಕಟದಲ್ಲಿರುವ ಮಾಜಿ ಸೈನಿಕರು

ಅಮೆರಿಕದ ಪೊಲೀಸರಲ್ಲಿ ಸುಮಾರು ಐವರಿಗೊಬ್ಬರು ಹಿಂದೆ ಸೇನೆಯಲ್ಲಿದ್ದವರು ಎಂಬ ಅಂದಾಜಿದೆ. ಮಾಜಿ ಸೈನಿಕನೊಬ್ಬ ಪ್ರಾಣ ಕಳೆದುಕೊಳ್ಳಲು ಹೊರಟಿದ್ದಾನೆಂಬ ಕರೆ ಬಂದರೆ, ಸಾಧ್ಯವಾದಾಗ ಇಂತಹವರನ್ನೇ ಕಳುಹಿಸುವ ಪದ್ಧತಿಯನ್ನು ಅಲ್ಲಿನ ಕೆಲವು ಇಲಾಖೆಗಳು ರೂಢಿಸಿಕೊಂಡಿವೆ. ಇದು ಬರೀ ಭಾವುಕತೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಅಧಿಕಾರಿಯಿಂದ ಚಿಕಿತ್ಸೆ ಸಿಗಲಾರದು, ಆದರೆ ಸಮಯ ಸಿಗುತ್ತದೆ. 2022ರಲ್ಲಿ ಆ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ 6,407 ಮಾಜಿ ಸೈನಿಕರಲ್ಲಿ ಹತ್ತರಲ್ಲಿ ಏಳಕ್ಕೂ ಹೆಚ್ಚು ಮಂದಿ ಬಳಸಿದ್ದು ಬಂದೂಕನ್ನು. ಸಾಯಬೇಕೆಂಬ ತೀವ್ರ ಆವೇಗ ಅನೇಕರಲ್ಲಿ ಸ್ವಲ್ಪ ಹೊತ್ತಿಗೇ ಇಳಿಯುತ್ತದೆ, ಆದರೆ ಬಂದೂಕು ಅಷ್ಟು ಹೊತ್ತು ಕಾಯುವುದಿಲ್ಲ.

ಸೈರನ್, ಮಿನುಗುವ ದೀಪ, ಏರುದನಿಯ ಆಜ್ಞೆ, ಇವು ಯುದ್ಧ ಕಂಡವನ ಮೈಯನ್ನು ಮತ್ತೆ ಕದನಕ್ಕೆ ಅಣಿಗೊಳಿಸಬಲ್ಲವು. ಇದನ್ನು ತನ್ನ ಅನುಭವದಿಂದಲೇ ಬಲ್ಲ ಅಧಿಕಾರಿ ಸೈರನ್ ನಿಲ್ಲಿಸಿ, ಬಾಗಿಲಿಗೆ ಎದುರಾಗಿ ನಿಲ್ಲದೆ ಪಕ್ಕಕ್ಕೆ ಸರಿದು, ದನಿ ತಗ್ಗಿಸಿ ಕೇಳುತ್ತಾನೆ: "ಯಾವ ತುಕಡಿಯಲ್ಲಿದ್ದಿರಿ? ಅಲ್ಲಿ ನಿಮ್ಮ ಕೆಲಸ ಏನಿತ್ತು?" ಅನುಕಂಪದ ಮಾತಿಗೆ ಮುಖ ತಿರುಗಿಸುವವನು ಇಂತಹ ಪ್ರಶ್ನೆಗೆ ಬಹಳ ಸಲ ಉತ್ತರಿಸಿಬಿಡುತ್ತಾನೆ, ಏಕೆಂದರೆ ಅದಕ್ಕೆ ನೋವನ್ನು ತೋಡಿಕೊಳ್ಳಬೇಕಾಗಿಲ್ಲ. ಮಾತು ಹರಿದ ಮೇಲೆ "ಸಾಯಬೇಕೆಂದು ಯೋಚಿಸುತ್ತಿದ್ದೀರಾ?" ಎಂದು ನೇರವಾಗಿಯೇ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಬಂದೂಕು ಎಲ್ಲಿದೆ, ಅದನ್ನು ಈ ರಾತ್ರಿಯ ಮಟ್ಟಿಗೆ ನಂಬಿಕೆಯವರ ಬಳಿ ಇಡಬಹುದೇ ಎಂಬ ವಿಚಾರ ಆಮೇಲಿನದು. ಆಯುಧವನ್ನು ಒಪ್ಪಿಸುವುದೆಂದರೆ ಸೈನಿಕನಿಗೆ ಏನು ಎಂಬುದು ಕೇಳುವವನಿಗೂ ಗೊತ್ತಿರುವುದರಿಂದ, ಆ ಕೋರಿಕೆಯಲ್ಲಿ ಅವಮಾನದ ಮೊನೆ ಕಡಿಮೆ.

ಮಾನಸಿಕ ಸಂಕಟದಲ್ಲಿರುವವರೊಡನೆ ವ್ಯವಹರಿಸಲು ಪೊಲೀಸರಿಗೆ ನಲವತ್ತು ಗಂಟೆಗಳ ತರಬೇತಿ ಕೊಡುವ ಪದ್ಧತಿಯ ಮೂಲ 1988ರ ಮೆಂಫಿಸ್ ನಗರ. ಸೈನಿಕನನ್ನು ಸೈನಿಕನೇ ಮಾತನಾಡಿಸುವುದರ ಬಲಕ್ಕೆ ನಿದರ್ಶನ ಇನ್ನೊಂದೆಡೆ ಇದೆ. ಬಫಲೋ ನಗರದ ನ್ಯಾಯಾಧೀಶ ರಾಬರ್ಟ್ ರಸೆಲ್ ಅವರ ಮುಂದೆ ಒಮ್ಮೆ ವಿಯೆಟ್ನಾಂ ಯುದ್ಧದ ಮಾಜಿ ಸೈನಿಕನೊಬ್ಬ ಯಾವುದಕ್ಕೂ ಸ್ಪಂದಿಸದೆ ನಿಂತಿದ್ದ. ಅದೇ ಯುದ್ಧದಲ್ಲಿದ್ದ ಇಬ್ಬರು ಅವನನ್ನು ಹೊರಗಿನ ಪಡಸಾಲೆಯಲ್ಲಿ ಮಾತನಾಡಿಸಿದ ಮೇಲೆ, ಅವನು ಒಳಗೆ ಬಂದು ಸೈನಿಕನಂತೆ ನೆಟ್ಟಗೆ ನಿಂತ. 2008ರಲ್ಲಿ ರಸೆಲ್ ಆರಂಭಿಸಿದ ಮಾಜಿ ಸೈನಿಕರ ನ್ಯಾಯಾಲಯದಲ್ಲಿ ಪ್ರತಿ ಆರೋಪಿಯ ಜೊತೆಗೂ ಮಾಜಿ ಸೈನಿಕರೊಬ್ಬರು ಮಾರ್ಗದರ್ಶಕರಾಗಿರುವ ಏರ್ಪಾಡಿನ ಹಿಂದೆ ಈ ಪ್ರಸಂಗವಿದೆ.

ಆದರೆ ಸಮವಸ್ತ್ರದ ನಂಟನ್ನು ಅತಿಯಾಗಿ ನಂಬುವುದೂ ಅಪಾಯವೇ. ಸೇನೆಯೊಳಗೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ "ನಾನೂ ಸೇನೆಯಲ್ಲಿದ್ದೆ" ಎಂಬ ಮಾತು ಧೈರ್ಯದ ಬದಲು ದಿಗಿಲು ತರಬಹುದು. ಎದುರಿನವರ ಮುಖ ನೋಡಿ, ಅಗತ್ಯವಿದ್ದರೆ ಹಿಂದೆ ಸರಿದು ಬೇರೊಬ್ಬರನ್ನು ಮುಂದೆ ಬಿಡುವುದನ್ನೂ ಆ ಅಧಿಕಾರಿ ಕಲಿತಿರಬೇಕು.

ಅವನು ಅಲ್ಲಿಂದ ಹೊರಡುವ ಮುನ್ನ ಆ ಮನುಷ್ಯನನ್ನು ಇನ್ನೊಬ್ಬರ ಕೈಗೆ ಒಪ್ಪಿಸಿರಬೇಕು. ಅಮೆರಿಕದಲ್ಲಿ 988ಕ್ಕೆ ಕರೆ ಮಾಡಿ 1 ಒತ್ತಿದರೆ ಮಾಜಿ ಸೈನಿಕರಿಗೆಂದೇ ಇರುವ ಸಹಾಯವಾಣಿ ಸಿಗುತ್ತದೆ. ಆತ್ಮಹತ್ಯೆಯ ಅಂಚಿನಲ್ಲಿರುವ ಅರ್ಹ ಮಾಜಿ ಸೈನಿಕರು, ಸರ್ಕಾರದ ಆರೋಗ್ಯ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಳ್ಳದಿದ್ದರೂ, ಖಾಸಗಿ ಆಸ್ಪತ್ರೆಯಲ್ಲಿಯೂ ಸಹ ಖರ್ಚಿಲ್ಲದೆ ತುರ್ತು ಚಿಕಿತ್ಸೆ ಪಡೆಯುವ ಅವಕಾಶ 2023ರ ಜನವರಿಯಿಂದ ಇದೆ. "ದುಡ್ಡಿಲ್ಲ, ಆಸ್ಪತ್ರೆ ಬೇಡ" ಎನ್ನುವವನಿಗೆ ಅಧಿಕಾರಿ ಕೊಡಬಹುದಾದ ಉತ್ತರ ಇದು.

ಇಷ್ಟಾದ ಮೇಲೆ ಆ ಅಧಿಕಾರಿಯ ಗತಿ ಏನು? ತನ್ನದೇ ಹಳೆಯ ನೆನಪುಗಳನ್ನು ಕೆದಕಿಕೊಂಡು ಬಂದವನು, ಹೇಳಿಕೊಂಡರೆ ಪಿಸ್ತೂಲನ್ನೂ ಕೆಲಸವನ್ನೂ ಕಿತ್ತುಕೊಳ್ಳುತ್ತಾರೆಂಬ ಅಂಜಿಕೆಯಿಂದ ಸುಮ್ಮನಿರುವ ಸಾಧ್ಯತೆಯೇ ಹೆಚ್ಚು. ಹೀಗಾಗಿ ನೆರವು ಬೇಕೇ ಎಂದು ಅವನನ್ನು ಕೇಳಿ ಬಿಡುವುದಕ್ಕಿಂತ, ಇಂತಹ ಪ್ರತಿ ಕರೆಯ ಮರುದಿನ ಆಪ್ತ ಸಮಾಲೋಚಕರ ಭೇಟಿಯನ್ನು ಕರ್ತವ್ಯದ ಅವಧಿಯಲ್ಲಿಯೇ ಎಲ್ಲರಿಗೂ ಕಡ್ಡಾಯಗೊಳಿಸುವುದು ಸರಿ. ಎಲ್ಲರೂ ಹೋಗುವಾಗ ಯಾರು ಯಾಕೆ ಹೋದರೆಂದು ಯಾರೂ ಕೇಳುವುದಿಲ್ಲ.