ಆಟ ನೋಡದವರು ಕ್ರೀಡಾ ಪದಬಂಧ ಬಿಡಿಸುವುದು ಹೇಗೆ?

ನೀವು ಒಂದು ಪಂದ್ಯವನ್ನೂ ಪೂರ್ತಿ ನೋಡುವವರಲ್ಲ, ಆದರೂ ಕ್ರೀಡಾ ವಿಶೇಷ ಪದಬಂಧ ಬಂದರೆ ಮೊದಲು ಪೆನ್ನು ಹಿಡಿಯುತ್ತೀರಿ, ಬಿಡಿಸಿದ ಮೇಲೆ ಅದರ ಹುಳುಕನ್ನೂ ಎತ್ತಿ ಆಡುತ್ತೀರಿ. ಅದು ಬರೀ ಸಾಮಾನ್ಯ ಜ್ಞಾನವಲ್ಲವೇ, ಗೊತ್ತಿದ್ದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ, ವಿಮರ್ಶೆಗೇನಿದೆ? ಈ ಪ್ರಶ್ನೆಯನ್ನು ಮನೆಯವರು ಕೇಳಿದ್ದಾರೆ, ಕಚೇರಿಯವರು ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರೂ ಕೇಳಿದ್ದಾರೆ.

ಗೊತ್ತಿದ್ದರೆ ಮಾತ್ರ ಬರುವುದಾದರೆ ಅದು ರಸಪ್ರಶ್ನೆ. ಪದಬಂಧದಲ್ಲಿ ನನಗೆ ತಿಳಿಯದ ಆಟಗಾರನೊಬ್ಬ ಅಡ್ಡಸಾಲಿನಲ್ಲಿ ಕುಳಿತಿದ್ದರೆ, ಅವನ ಮೇಲೆ ಹಾದು ಕೆಳಗಿಳಿಯುವ ಸಾದಾ ಪದಗಳು ಅವನನ್ನು ಹಿಡಿದುಕೊಡಬೇಕು. ಅವು ಕೈಕೊಟ್ಟರೆ ಸೋತದ್ದು ರಚಿಸಿದವರು.

ಈಚೆಗೆ ಬಿಡಿಸಿದ ಒಂದು ಪದಬಂಧದ ಎಡ ಮೂಲೆ ಇನ್ನೂ ಮನಸ್ಸಿನಲ್ಲಿದೆ. 'ವೆಂಬ್ಲಿಯಲ್ಲಿ 1980ರಲ್ಲಿ ಹರಡಿದ ಬೆಳಕು', ಮೂರು ಮನೆ. ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಫೈನಲ್‌ನಲ್ಲಿ ಪ್ರಕಾಶ್ ಪಡುಕೋಣೆ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಮಣಿಸಿದ್ದು ನೆನಪಿದ್ದವರಿಗೆ ಒಂದು ಕ್ಷಣದ ಕೆಲಸ. ನೆನಪಿಲ್ಲದವರೂ ಬೆಳಕಿಗೆ ಮೂರಕ್ಷರದ ಪದ ಹುಡುಕಿ ದಡ ಸೇರಬಹುದು. ಅದೇ ಮೊದಲ ಮನೆಯಿಂದ ಕೆಳಕ್ಕೆ 'ಸಿಕ್ಸರ್ ಹೊಡೆಸಿಕೊಂಡರೂ ಸಂತುಷ್ಟನಾಗಿರುವ ಆಫ್ ಸ್ಪಿನ್ನರ್'. ಪ್ರಸನ್ನ! 'ಪ್ರ' ಒಂದೇ, ಇಳಿದವರು ಇಬ್ಬರು. ಕೊನೆಯ ಮನೆಯಿಂದ 'ಶಟಲ್' ಕೆಳಗಿಳಿದಿತ್ತು. ಇಲ್ಲಿ ರಚನಾಕಾರರ ಜಾಣ್ಮೆ ನೋಡಬೇಕು. 'ಪ್ರಕಾಶ್' ಎಂದೇ ಹಟ ಹಿಡಿದಿದ್ದರೆ ಆ ಮನೆಗೆ 'ಶ್' ಬರುತ್ತಿತ್ತು. 'ಶ್'ನಿಂದ ಯಾವ ಪದ ತಾನೇ ಆರಂಭವಾದೀತು? ಸುಳಿವಿನಲ್ಲಿ ಬೆಳಕನ್ನು ತಂದಿದ್ದರಿಂದ 'ಪ್ರಕಾಶ' ನ್ಯಾಯವಾಗಿಯೇ ಸಿಕ್ಕಿತು.

ಕನ್ನಡದಲ್ಲಿ ಕ್ರೀಡಾ ಪದಬಂಧ ಕಷ್ಟವಾಗುವುದು ಇಲ್ಲಿಯೇ. ನಮ್ಮ ಒಂದೊಂದು ಮನೆಗೂ ಕಾಗುಣಿತ, ಒತ್ತು ಎಲ್ಲ ಸೇರಿದ ಇಡೀ ಅಕ್ಷರ ಕೂರಬೇಕು. ಆಟದ ಪದಗಳೋ ಬಹುಪಾಲು ಇಂಗ್ಲಿಷಿನವು, ಅರ್ಧಾಕ್ಷರದಲ್ಲಿ ಮುಗಿಯುವಂಥವು: ಕ್ರಿಕೆಟ್, ವಿಕೆಟ್, ರಾಕೆಟ್. ಆ 'ಟ್' ಮನೆಯನ್ನು ಇನ್ನೊಂದು ಪದ ಹಾಯಬೇಕೆಂದರೆ ಅದೂ ಸಾಮಾನ್ಯವಾಗಿ ಅಲ್ಲಿಯೇ ಕೊನೆಗೊಳ್ಳಬೇಕು. ಹಾಗಾಗಿ ಅನುಭವಿಗಳು ಇಂಥ ಪದಗಳನ್ನು ಕೆಳಗಿನ ಬಲ ಮೂಲೆಗೆ ತಳ್ಳುತ್ತಾರೆ. ಅನನುಭವಿಗಳು ಎಲ್ಲೆಂದರಲ್ಲಿ ಇಟ್ಟು, ಸುತ್ತ ಕಪ್ಪು ಮನೆ ತುಂಬಿ, 'ಕ್ರಿಕೆಟ್ಟು' ಎಂದು ಬರೆಸಿಬಿಡುತ್ತಾರೆ. 'ಗೋಲು' ಅಚ್ಚಿನಲ್ಲಿ ಪಳಗಿದ ರೂಪ, ತಕರಾರಿಲ್ಲ. 'ಕ್ರಿಕೆಟ್ಟು' ಬೇಕಿದ್ದರೆ ಸುಳಿವಿನಲ್ಲೇ ಅದರ ವಾಸನೆ ಇರಬೇಕು.

ಒತ್ತಕ್ಷರದ್ದು ಬೇರೆಯೇ ಪೇಚು. ಕುಂಬ್ಳೆಗೆ ಎರಡೇ ಮನೆ. ದೆಹಲಿಯಲ್ಲಿ 1999ರಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತವರನ್ನು ಯಾವ ರಚನಾಕಾರರೂ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ 'ಬ್ಳೆ' ಮನೆಯನ್ನು ಇನ್ನೊಂದು ಪದದಿಂದ ಹಾಯಿಸಲು ಹೊರಟರೆ ನಿಘಂಟು ಸವೆಯುತ್ತದೆಯೇ ಹೊರತು ಪದ ಸಿಗುವುದಿಲ್ಲ. 'ಕುಂ' ಮಾತ್ರ ವರ. ಅಲ್ಲಿಂದ ಕುಂಟೆಬಿಲ್ಲೆ ಇಳಿಸಿದರೆ ವಿಷಯವೂ ಉಳಿಯಿತು, ನಗುವೂ ಬಂತು. ನಮ್ಮ ನೆಲದ ಆಟಗಳು ಚೌಕಕ್ಕೆ ಹೇಳಿ ಮಾಡಿಸಿದಂತಿವೆ: ಮಲ್ಲಕಂಬದ ಮೂರನೇ ಮನೆಯಿಂದ ಕಂಬಳ ಹೊರಡುತ್ತದೆ, ಲಗೋರಿಯ ನಡುಮನೆಯಿಂದ ಗೋಲಿ ಉರುಳುತ್ತದೆ. ಇಷ್ಟಿದ್ದೂ ಟೆನಿಸ್ ತಾರೆಯರ ಹೆಸರುಗಳನ್ನು ಒಂದರ ಮೇಲೊಂದು ಹೇರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜೊಕೊವಿಚ್, ಜೋಕೊವಿಚ್, ಜೊಕೊವಿಕ್, ಒಬ್ಬೊಬ್ಬರದು ಒಂದೊಂದು ಬರವಣಿಗೆ. ಆ ಮೊದಲ ಮನೆಯನ್ನು ಇನ್ನೊಂದು ವಿದೇಶಿ ಹೆಸರು ಹಾಯ್ದರೆ ನಾಣ್ಯ ಚಿಮ್ಮುವುದೇ ದಾರಿ. ಫುಟ್‌ಬಾಲ್ ಎಂದು ಬಿಡಿಸಿ ಬರೆದರೆ ನಾಲ್ಕು ಮನೆ, ಫುಟ್ಬಾಲ್ ಎಂದು ಒತ್ತಿ ಬರೆದರೆ ಮೂರು. ಒಂದೇ ಪದಬಂಧದಲ್ಲಿ ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಬ್ಯಾಡ್ಮಿಂಟನ್ನಿನ 'ಡ್ಮಿಂ' ಒತ್ತಿ ಇಟ್ಟಿದ್ದನ್ನು ಕಂಡಿದ್ದೇನೆ. ಯಾವುದಾದರೂ ಸರಿ, ಒಂದೇ ಪದ್ಧತಿ ಇರಲಿ.

ಸುಳಿವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 'ಪ್ರಸಿದ್ಧ ಕ್ರಿಕೆಟಿಗ' ಎನ್ನುವುದು ಸುಳಿವೇ ಅಲ್ಲ, ಸೋಮಾರಿತನ. ಹಳಸಿದ ಸುಳಿವು ಅದಕ್ಕಿಂತ ಕೆಟ್ಟದ್ದು. ಖೇಲ್ ರತ್ನ ಪ್ರಶಸ್ತಿಯಲ್ಲಿ ಯಾರ ಹೆಸರಿದೆ ಎಂದು ಕೇಳಿ ರಾಜೀವ್ ಗಾಂಧಿಗೆ ಐದು ಮನೆ ಬಿಟ್ಟ ಪದಬಂಧ ಈಗಲೂ ಮರುಮುದ್ರಣವಾಗುತ್ತದೆ. 2021ರ ಆಗಸ್ಟ್‌ನಿಂದ ಅದು ಮೇಜರ್ ಧ್ಯಾನ್‌ಚಂದ್ ಹೆಸರಿನಲ್ಲಿದೆ, ಧ್ಯಾನ್‌ಚಂದ್‌ಗೆ ನಾಲ್ಕೇ ಮನೆ. ವಿಷಯ ಬಲ್ಲವನು ಎಡವುತ್ತಾನೆ, ಹಳೆಯದನ್ನೇ ನೆಚ್ಚಿದವನು ಗೆಲ್ಲುತ್ತಾನೆ.

ಇನ್ನು ನಾನು ಬಿಡಿಸುವ ರೀತಿ. ಹೆಸರುಗಳ ಗೋಜಿಗೆ ಮೊದಲು ಹೋಗುವುದಿಲ್ಲ. ಕುಸ್ತಿ, ಗರಡಿ, ಬುಗುರಿಯಂಥ ಪೂರ್ಣಾಕ್ಷರದ ಪದಗಳನ್ನು ತುಂಬಿ, ಸಾಲಿನ ಕೊನೆಯಲ್ಲಿ ಕಪ್ಪು ಮನೆಗೆ ತಾಗಿದ ಮನೆಗಳನ್ನು ಗುರುತು ಹಾಕಿಕೊಳ್ಳುತ್ತೇನೆ. ಎರಡು ಪದಗಳು ಒಂದೇ ಮನೆಯಲ್ಲಿ ಮುಗಿಯುತ್ತಿದ್ದರೆ ಅಲ್ಲಿ ಅರ್ಧಾಕ್ಷರವಿರುವ ಸಂಭವ ಹೆಚ್ಚು. 'ಟ್', 'ಲ್', 'ನ್' ಇಟ್ಟು ನೋಡಿದರೆ ಆಟಗಾರ ಯಾರೆಂದು ತಿಳಿಯುವ ಮೊದಲೇ ಅವನ ಹೆಸರಿನ ಬಾಲ ಸಿಗುತ್ತದೆ. ಇದಕ್ಕೆ ಟಿವಿ ಮುಂದೆ ಕೂರಬೇಕಾಗಿಲ್ಲ. ಆದರೆ ಇಪ್ಪತ್ತಕ್ಕೆ ಇಪ್ಪತ್ತೂ ಉತ್ತರ ಕ್ರೀಡೆಯದೇ ಆಗಿದ್ದರೆ ಈ ಉಪಾಯ ಸಾಗದು. ಆರೇಳು ಆಟ, ಉಳಿದಂತೆ ಮರ, ತಿಂಡಿ, ನದಿ, ನೆಂಟಸ್ತಿಕೆ ಇರಲಿ. ಸಂಪಾದಕರನ್ನು ಬೈಯುವಾಗ ನಾನು ಕೇಳುವುದು ಇಷ್ಟನ್ನೇ.