ಉತ್ತರ ಹೇಳಬೇಡ ಅಂದಿದ್ದರು

ದಾವಣಗೆರೆಯ ಒಂದು ಟ್ಯೂಷನ್ ಸೆಂಟರಿನ ಫೇಸ್‌ಬುಕ್ ಪೇಜ್ ನೋಡಿಕೊಳ್ಳುವುದು ನನ್ನ ಕೆಲಸ. ಹೋದ ವರ್ಷ ಅಡ್ಮಿಷನ್ ಸಮಯದಲ್ಲಿ ಪೇಜಿಗೆ ಜನ ಬರುತ್ತಿರಲಿಲ್ಲ. ಆಗ ಒಂದು ಲೆಕ್ಕ ಹಾಕಿದೆ: 8÷2(2+2) = ? ಮೇಲೆ ದಪ್ಪಕ್ಷರದಲ್ಲಿ, '100ಕ್ಕೆ 99 ಜನ ತಪ್ಪು ಹೇಳ್ತಾರೆ!' ಲೆಕ್ಕ ನನ್ನದಲ್ಲ, 2019ರಲ್ಲಿ ಟ್ವಿಟರ್‌ನಲ್ಲಿ ಜಗಳ ಹಚ್ಚಿದ್ದು. ಆ 99 ಮಾತ್ರ ನಾನೇ ಬರೆದಿದ್ದು, ಯಾರೂ ಎಣಿಸಿದ್ದಲ್ಲ.

ಸಂಜೆಯೊಳಗೆ 600 ಕಾಮೆಂಟ್. ಕೆಲವರು 16 ಅಂದರು, ಕೆಲವರು 1 ಅಂದರು. ಕತ್ತಲಾಗುವಷ್ಟರಲ್ಲಿ 'ನಿಮಗೆ ಕಲಿಸಿದ ಮೇಷ್ಟ್ರು ಯಾರು' ಅನ್ನುವಲ್ಲಿಗೆ ಬಂದಿತ್ತು. ಹತ್ತೂವರೆಗೆ ಒಬ್ಬ ತಾಯಿ ಮೆಸೇಜ್ ಮಾಡಿದರು. 'ಮೇಡಂ, ಮಗಳು 1 ಅಂದ್ಲು. ಬೋಡ್‌ಮಾಸ್ ಗೊತ್ತಿಲ್ವಾ ಅಂತ ಬೈದೆ. ಅಳ್ತಾ ಮಲಗಿದಾಳೆ. ಯಾವುದು ಸರಿ?' ಬೋಡ್‌ಮಾಸ್ ಅಂದರೆ ಲೆಕ್ಕದಲ್ಲಿ ಯಾವುದನ್ನು ಮೊದಲು ಮಾಡಬೇಕು ಅನ್ನುವ ಶಾಲೆಯ ನಿಯಮ.

ಸೆಂಟರ್ ನಡೆಸುವವರಿಗೆ ಫೋನ್ ಮಾಡಿದೆ. 'ಈಗಲೇ ಉತ್ತರ ಹೇಳಬೇಡಮ್ಮ, ಕಾಮೆಂಟ್ ನಿಂತುಹೋಗುತ್ತೆ' ಅಂದರು. ನಾನೂ ಸುಮ್ಮನಾದೆ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಬೆಳಿಗ್ಗೆ ನಮ್ಮ ಗಣಿತದ ಸರ್ ಬೋರ್ಡಿನ ಮೇಲೆ ಬರೆದು ತೋರಿಸಿದರು. ಬ್ರಾಕೆಟ್ ಬಿಡಿಸಿದರೆ 8÷2(4). ಇಲ್ಲಿಂದ ಎರಡು ದಾರಿ. ಎಡದಿಂದ ಬಲಕ್ಕೆ ಹೋದರೆ 4×4, ಅಂದರೆ 16. ಗುಣಾಕಾರದ ಗುರುತಿಲ್ಲದೆ ಅಂಟಿಕೊಂಡಿರುವ 2(4) ಅನ್ನು ಒಂದೇ ಅಂತ ಹಿಡಿದರೆ 8÷8, ಅಂದರೆ 1. ಕ್ಯಾಲ್ಕುಲೇಟರ್‌ಗಳಲ್ಲೂ ಕೆಲವು 16 ಅನ್ನುತ್ತವೆ, ಕೆಲವು 1. 'ಹುಡುಗಿ ತಪ್ಪಿಲ್ಲಮ್ಮ, ಬರೆದವರ ತಪ್ಪು. ಇನ್ನೊಂದು ಬ್ರಾಕೆಟ್ ಹಾಕಿದ್ದರೆ ಜಗಳವೇ ಇರ್ತಿರಲಿಲ್ಲ' ಅಂದರು.

ಆ ಬ್ರಾಕೆಟ್ ಬೇಕಂತಲೇ ಬಿಟ್ಟಿರುತ್ತಾರೆ. ಲೈಕ್ ಮಾಡಿ, ಶೇರ್ ಮಾಡಿ, ಟ್ಯಾಗ್ ಮಾಡಿ ಅಂತ ಗೋಗರೆಯುವ ಪೋಸ್ಟುಗಳನ್ನು ಕೆಳಗೆ ತಳ್ಳುತ್ತೇವೆ ಅಂತ ಫೇಸ್‌ಬುಕ್ 2017ರ ಡಿಸೆಂಬರಿನಲ್ಲೇ ಹೇಳಿತ್ತು. ಇಂಥ ಲೆಕ್ಕಕ್ಕೆ ಗೋಗರೆಯುವ ಅಗತ್ಯವೇ ಇಲ್ಲ. ಎದುರಿನವರು ತಪ್ಪು ಹೇಳಿದಾಗ ತಿದ್ದದೆ ಇರೋಕಾಗಲ್ಲ ಅಲ್ವಾ? ಆ ಒಳ್ಳೆಯ ಗುಣವನ್ನೇ ನಾವು ಬಳಸಿಕೊಂಡಿದ್ದೆವು. ಅದೂ ಮಕ್ಕಳಿಗೆ ಲೆಕ್ಕ ಕಲಿಸುವ ಜಾಗದಿಂದ.

ಮೊದಲು ಆ ತಾಯಿಗೆ ಬರೆದೆ. ಆಮೇಲೆ ಸರ್ ಬೋರ್ಡಿನ ಫೋಟೊ ಹಾಕಿ, 99ರ ಸಾಲು ತೆಗೆದೆ. ಹೇಳಿದ ಹಾಗೇ ಕಾಮೆಂಟ್ ನಿಂತವು. ಆ 600ರಲ್ಲಿ ಅಡ್ಮಿಷನ್ ಕೇಳಿ ಬಂದವರು ಒಬ್ಬರೂ ಇರಲಿಲ್ಲ.

ಈಗ ಭಾನುವಾರ ಬೆಳಿಗ್ಗೆ ಒಂದು ಲೆಕ್ಕ, ರಾತ್ರಿ 8ಕ್ಕೆ ಬಿಡಿಸಿದ ಉತ್ತರ. ಪೋಸ್ಟ್ ಮಾಡುವ ಮೊದಲು ಸರ್ ನೋಡುತ್ತಾರೆ. ಮೊದಲ ವಾರ ಹಾಕಿದ್ದು ಹಳೆಯದೇ: ಬ್ಯಾಟು, ಬಾಲು ಸೇರಿ 110 ರೂಪಾಯಿ, ಬ್ಯಾಟಿಗೆ ಬಾಲಿಗಿಂತ 100 ರೂಪಾಯಿ ಜಾಸ್ತಿ, ಬಾಲಿಗೆಷ್ಟು? 43 ಕಾಮೆಂಟ್ ಬಂದವು. ಜಾಸ್ತಿ ಜನ 10 ಅಂದರು. ಒಬ್ಬ ಹುಡುಗ ಮಾತ್ರ ನೋಟ್‌ಬುಕ್ಕಿನ ಫೋಟೊ ಕಳಿಸಿದ. 10 ಬರೆದು, ಕೂಡಿಸಿ ನೋಡಿ 120 ಬಂದದ್ದಕ್ಕೆ ಹೊಡೆದು ಹಾಕಿ, ಕೆಳಗೆ 5 ಅಂತ ಬರೆದಿದ್ದ.