ಕಥೆ ನೋಡಬೇಕಾ, ಚಿತ್ರ ನೋಡಬೇಕಾ?

"ಹೊಸಾದು ಬಂದದಲ್ರಿ, ಛಲೋ ಅದ ಏನು? ರೊಕ್ಕ ಹಾಕಬಹುದಾ?"

ನಾನು ಸೂಪರ್‌ಹೀರೋ ಕಾಮಿಕ್ಸ್ ಓದುತ್ತೇನೆ ಅಂತ ಗೊತ್ತಿರುವ ಕಲಬುರಗಿಯ ಗೆಳೆಯರೆಲ್ಲ ಕೇಳುವುದು ಇದನ್ನೇ. ಉತ್ತರ ಹೇಳಿ ಮುಗಿಸುವ ಮುಂಚೆ ಇನ್ನೊಂದು ಬರುತ್ತದೆ: "ಕಥಿ ನೋಡಬೇಕೋ, ಚಿತ್ರ ನೋಡಬೇಕೋ?" ಕೆಲವರಿಗಂತೂ ಅಂಕಪಟ್ಟಿಯೇ ಬೇಕು. ಕಥೆಗೆ ಹತ್ತಕ್ಕೆ ಎಂಟು, ಚಿತ್ರಕ್ಕೆ ಹತ್ತಕ್ಕೆ ಆರು, ಹಾಗೆ.

ನಾನು ಹಾಗೆ ಅಂಕ ಕೊಡುವುದಿಲ್ಲ. ಕಾಮಿಕ್ಸ್‌ನಲ್ಲಿ ಕಥೆ ಹೇಳುವ ಕೆಲಸವನ್ನು ಅರ್ಧಕ್ಕಿಂತ ಜಾಸ್ತಿ ಚಿತ್ರವೇ ಮಾಡುತ್ತದೆ. ಹಾಗಿದ್ದ ಮೇಲೆ ಎರಡನ್ನೂ ಬೇರೆ ಬೇರೆ ತೂಗುವುದು ಹೇಗೆ?

ಮೊದಲು ರೊಕ್ಕದ ವಿಷಯ ಮುಗಿಸೋಣ. ಅಮೆರಿಕದ ಮಾಸಿಕ ಸಂಚಿಕೆಯಲ್ಲಿ ಕಥೆಗೆ ಸಿಗುವುದು ಸಾಮಾನ್ಯವಾಗಿ 20 ಪುಟ, ಕೆಲವೊಮ್ಮೆ 22. ಬೆಲೆ 4ರಿಂದ 5 ಡಾಲರ್. ಒಂದು ಚಹಾ ಕುಡಿಯುವಷ್ಟರಲ್ಲಿ ಓದಿ ಮುಗಿಯುತ್ತದೆ. ಹಾಗಾಗಿ ನಾನು ಮೊದಲು ಕೇಳಿಕೊಳ್ಳುವುದು, ಈ 20 ಪುಟದಲ್ಲಿ ಏನಾದರೂ ಆಯಿತಾ ಅಂತ. ನಾಯಕ ಒಂದು ತೀರ್ಮಾನ ಮಾಡಿದನಾ? ಏನನ್ನಾದರೂ ಕಳೆದುಕೊಂಡನಾ? ಈಗ ಬರುವ ಸಂಚಿಕೆಗಳಲ್ಲಿ ಬಹಳಷ್ಟು ಐದಾರು ತಿಂಗಳ ಕಥೆಯ ತುಂಡುಗಳು. ಆಮೇಲೆ ಎಲ್ಲ ಸೇರಿಸಿ ಪುಸ್ತಕವಾಗಿ ಮಾರುತ್ತಾರೆ. ಅದು ತಪ್ಪಲ್ಲ. ಆದರೆ ಆ ತಿಂಗಳಿಗೆ ಅಂತ ಒಂದು ಘಟನೆಯಾದರೂ ನಡೆಯಬೇಕು. ಇಬ್ಬರು ಒಂದು ಚಾವಣಿಯ ಮೇಲೆ ನಿಂತು ಹಿಂದಿನ ಸಂಚಿಕೆಯ ಬಗ್ಗೆಯೇ ಮಾತಾಡಿಕೊಂಡು ಮುಗಿದರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಓದುವ ಕ್ರಮ. ಹೊಸ ಸಂಚಿಕೆ ಸಿಕ್ಕಾಗ ನಾನು ಮೊದಲು ಮಾತು ಓದುವುದೇ ಇಲ್ಲ. ಸುಮ್ನೆ ಚಿತ್ರ ನೋಡುತ್ತಾ ಪುಟ ತಿರುವುತ್ತೇನೆ. ಯಾರು ಎಲ್ಲಿದ್ದಾರೆ, ಯಾರಿಗೆ ಸಿಟ್ಟು ಬಂದಿದೆ, ಏಟು ಯಾವ ಕಡೆಯಿಂದ ಬಿತ್ತು, ಇಷ್ಟು ಗೊತ್ತಾದರೆ ಕಲಾವಿದರು ತಮ್ಮ ಕೆಲಸ ಮಾಡಿದ್ದಾರೆ ಅಂತ ಅರ್ಥ. ಹೊಡೆದಾಟದ ಪುಟದಲ್ಲಿ ಬರೀ ಕೈಕಾಲು, ಕಿಡಿ, ಹೊಗೆ ಕಂಡು, ಯಾರು ಗೆದ್ದರು ಅಂತ ತಿಳಿಯಲು ಬಲೂನ್ (ಮಾತು ಬರೆದ ಗುಳ್ಳೆ) ಓದಬೇಕಾಗಿ ಬಂದರೆ ಆ ಚಿತ್ರ ಎಷ್ಟು ಅಂದವಾಗಿದ್ದರೂ ನನಗೆ ಬೇಡ.

ಇದಕ್ಕೆ ನಾನು ಯಾವಾಗಲೂ ತೋರಿಸುವ ಉದಾಹರಣೆ ಹಳೆಯದು. 1966ರ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 33ನೇ ಸಂಚಿಕೆ. ಸ್ಪೈಡರ್‌ಮ್ಯಾನ್ ಒಂದು ಭಾರೀ ಯಂತ್ರದ ಕೆಳಗೆ ಸಿಕ್ಕಿಬಿದ್ದಿದ್ದಾನೆ. ಮೇಲಿನಿಂದ ನೀರು ಸೋರುತ್ತಿದೆ. ಮೇ ಚಿಕ್ಕಮ್ಮನ ಜೀವ ಉಳಿಸುವ ಔಷಧಿ ಕಣ್ಣೆದುರೇ ಬಿದ್ದಿದೆ, ಕೈಗೆ ಸಿಗುತ್ತಿಲ್ಲ. ಚಿತ್ರ ಬರೆದ ಸ್ಟೀವ್ ಡಿಟ್ಕೊ ಇಲ್ಲಿ ಮಾಡಿದ್ದು ನೋಡಿ. ಸ್ಪೈಡರ್‌ಮ್ಯಾನ್ ಯಂತ್ರವನ್ನು ಎತ್ತಲು ಹೆಣಗುತ್ತಾ ಹೋದಂತೆ ಪುಟದ ಒಂದೊಂದು ಚಿತ್ರದ ಚೌಕ, ಅಂದರೆ ಪ್ಯಾನೆಲ್‌ಗಳು ದೊಡ್ಡದಾಗುತ್ತಾ ಹೋಗುತ್ತವೆ. ಕೊನೆಗೆ ಯಂತ್ರ ಮೇಲೆದ್ದಾಗ ಇಡೀ ಪುಟವೇ ಒಂದು ಚಿತ್ರ. ಅವನ ಜೊತೆ ನಮಗೂ ಉಸಿರಾಡಲು ಜಾಗ ಸಿಗುತ್ತದೆ. ಮಾತು ಬರೆದವರು ಸ್ಟ್ಯಾನ್ ಲೀ. ಆದರೆ ಆ ಹೊತ್ತಿಗೆ ಕಥೆಯ ಹಂದರವನ್ನೂ ಡಿಟ್ಕೊ ಅವರೇ ಕಟ್ಟುತ್ತಿದ್ದರು. ಲೀ ಅವರು ಚಿತ್ರ ಬಂದ ಮೇಲೆ ಮಾತು ತುಂಬುತ್ತಿದ್ದರು. ಈಗ ಹೇಳಿ, ಇದರಲ್ಲಿ ಕಥೆಯ ಅಂಕ ಯಾರಿಗೆ, ಚಿತ್ರದ ಅಂಕ ಯಾರಿಗೆ?

ಎರಡನೇ ಸಲ ಮಾತು ಓದುತ್ತೇನೆ. ಆಗ ನೋಡುವುದು, ಚಿತ್ರ ಹೇಳಿದ್ದನ್ನೇ ಮಾತು ಮತ್ತೆ ಹೇಳುತ್ತಿದೆಯಾ ಅಂತ. ನಮ್ಮ ಜಿಲ್ಲೆಯ ಕನಗನಹಳ್ಳಿಗೆ ಹೋದವರು ಅಶೋಕನ ಕಲ್ಲಿನ ಫಲಕ ನೋಡಿರುತ್ತೀರಿ. ಅಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರು ಕೆತ್ತಿದ್ದಾರೆ. ಅದು ಬೇಕಾಗಿತ್ತು, ಯಾಕೆಂದರೆ ರಾಜನ ವೇಷ ನೋಡಿದರೆ ರಾಜ ಅಂತ ಗೊತ್ತಾಗುತ್ತದೆ, ಯಾವ ರಾಜ ಅಂತ ಗೊತ್ತಾಗುವುದಿಲ್ಲ. ಕಾಮಿಕ್ಸ್‌ನಲ್ಲೂ ಬರಹ ಇರಬೇಕಾದದ್ದು ಹೀಗೇ, ಚಿತ್ರದಿಂದ ಆಗದ್ದನ್ನು ಹೇಳಲು. ಗೋಡೆ ಒಡೆಯುವ ಚಿತ್ರದ ಪಕ್ಕ 'ನಾನು ಈ ಗೋಡೆ ಒಡೆಯುತ್ತೇನೆ' ಅಂತ ಬರೆದರೆ ಜಾಗವೂ ದಂಡ, ಓದುವವರ ಹೊತ್ತೂ ದಂಡ.

ಹಾಗಂತ ಮಾತು ಕಡಿಮೆ ಇದ್ದರೇ ಒಳ್ಳೆಯದು ಅಂತ ಅಲ್ಲ. 2024ರ ಜನವರಿಯಲ್ಲಿ ಶುರುವಾದ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ನೋಡಿ. ಬರೆದವರು ಜೊನಾಥನ್ ಹಿಕ್‌ಮನ್, ಚಿತ್ರ ಮಾರ್ಕೊ ಕೆಕೆಟ್ಟೊ ಅವರದು. ಇದರಲ್ಲಿ ಸ್ಪೈಡರ್‌ಮ್ಯಾನ್ ಆಗಬೇಕಾದ ಪೀಟರ್ ಪಾರ್ಕರ್‌ಗೆ ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ, ಶಕ್ತಿ ಮಾತ್ರ ಇನ್ನೂ ಬಂದಿಲ್ಲ. ಮೂಲ ಕಥೆಯಲ್ಲಿ ಸಾಯುವ ಬೆನ್ ಚಿಕ್ಕಪ್ಪ ಇಲ್ಲಿ ಬದುಕಿದ್ದಾನೆ, ಸತ್ತಿರುವುದು ಮೇ. ಮೊದಲ ಸಂಚಿಕೆಯ ಬಹುಪಾಲು ಬರೀ ಮಾತುಕತೆ. ಜೇಡ ಕಚ್ಚುವುದೇ ಕೊನೆಯಲ್ಲಿ. "ಹೊಡೆದಾಟನೇ ಇಲ್ಲಲ್ಲಾ" ಅಂತ ಒಬ್ಬ ಗೆಳೆಯ ಮುಖ ಹಿಂಡಿದ. ನನಗೆ ಬಹಳ ಇಷ್ಟವಾಯಿತು. ಕೆಕೆಟ್ಟೊ ಅವರಿಗೆ ಮುಖ ಬರೆಯಲು ಬರುತ್ತದೆ. ಎಲ್ಲ ಇದ್ದೂ ಏನೋ ಇಲ್ಲ ಅನ್ನುವ ಪೀಟರ್‌ನ ಕಸಿವಿಸಿ ಕಣ್ಣಲ್ಲೇ ಕಾಣುತ್ತದೆ. ಅದಿಲ್ಲದೆ ಹೋಗಿದ್ದರೆ ಅದೇ ಸ್ಕ್ರಿಪ್ಟ್ ಅಷ್ಟು ಹೊತ್ತು ನಮ್ಮನ್ನು ಹಿಡಿದು ಕೂರಿಸುತ್ತಿರಲಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ 'ಆ್ಯಬ್ಸಲ್ಯೂಟ್ ಬ್ಯಾಟ್‌ಮನ್' ಇದಕ್ಕೆ ಪೂರ್ತಿ ಉಲ್ಟಾ, ಗದ್ದಲವೋ ಗದ್ದಲ. ಸ್ಕಾಟ್ ಸ್ನೈಡರ್ ಬರಹ, ನಿಕ್ ಡ್ರಗೋಟಾ ಚಿತ್ರ. ಇಲ್ಲಿ ಬ್ಯಾಟ್‌ಮನ್ ಆಗುವ ಬ್ರೂಸ್ ವೇಯ್ನ್ ಎಂದಿನಂತೆ ಆಗರ್ಭ ಶ್ರೀಮಂತನಲ್ಲ. ಅಪ್ಪ ಮೇಷ್ಟ್ರು. ದೊಡ್ಡ ಬಂಗಲೆ ಇಲ್ಲ, ಹಣದ ಬಲ ಇಲ್ಲ. ಇದನ್ನು ನಾಲ್ಕು ಪುಟ ಭಾಷಣದಲ್ಲಿ ಹೇಳಬಹುದಿತ್ತು. ಅವರು ಹೇಳಿದ್ದು ವೇಷದಲ್ಲಿ. ಆಳು ಗೋಡೆಯಷ್ಟು ಅಗಲ. ಎದೆಯ ಮೇಲಿನ ಬಾವಲಿ ಗುರುತು ಕಿತ್ತು ತೆಗೆದರೆ ಕೊಡಲಿ. ದುಡ್ಡಿಲ್ಲದವನು ಮೈಮೇಲಿದ್ದುದನ್ನೇ ಆಯುಧ ಮಾಡಿಕೊಂಡಿದ್ದಾನೆ ಅನ್ನುವುದು ನೋಡಿದ ತಕ್ಷಣ ತಲೆಗೆ ಹೋಗುತ್ತದೆ. ಡ್ರಗೋಟಾ ಸಣ್ಣ ಸಣ್ಣ ಪ್ಯಾನೆಲ್‌ಗಳನ್ನು ಒತ್ತೊತ್ತಾಗಿ ಜೋಡಿಸಿ, ಆಮೇಲೆ ಒಮ್ಮೆಲೇ ದೊಡ್ಡ ಚಿತ್ರಕ್ಕೆ ಹಾರುತ್ತಾರೆ. ಕೆಲವು ಕಡೆ ಅತಿಯಾಯಿತು ಅನಿಸುತ್ತದೆ, ಅದು ಬೇರೆ ಮಾತು. ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ, ರಕ್ತಪಾತ ಜಾಸ್ತಿ.

ಚಂದದ ಚಿತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಊರಿನ ರಂಗಮಂದಿರಕ್ಕೆ ಎಸ್.ಎಂ. ಪಂಡಿತರ ಹೆಸರಿದೆ. 1916ರಲ್ಲಿ ಇಲ್ಲೇ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಪುರಾಣದ ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೆಲ್ಲ ಗೊತ್ತಾದವರು. ಅವರು ಬರೆದ ದೇವರ, ವೀರರ ಮೈಕಟ್ಟು, ಮೈಮೇಲಿನ ಬೆಳಕು ನೋಡಿದರೆ ಯಾವ ಸೂಪರ್‌ಹೀರೋ ಮುಖಪುಟಕ್ಕೂ ಕಡಿಮೆಯಿಲ್ಲ. ಆದರೆ ಅದು ಒಂದೇ ಚಿತ್ರ. ನಿಂತು ನೋಡಬೇಕಾದದ್ದು. ಕಾಮಿಕ್ಸ್ ಪುಟದ ಚಿತ್ರ ನಿಮ್ಮನ್ನು ನಿಲ್ಲಿಸದೆ ಮುಂದಿನ ಪ್ಯಾನೆಲ್‌ಗೆ ತಳ್ಳಬೇಕು. ಮುಖಪುಟದಲ್ಲಿ ಮಿಂಚುವ ಎಷ್ಟೋ ಕಲಾವಿದರು ಒಳಪುಟದಲ್ಲಿ ಎಡವುವುದು ಇದಕ್ಕೇ. ಎರಡನ್ನೂ ನಿಭಾಯಿಸಿದವರು ಕಡಿಮೆ. 1996ರ 'ಕಿಂಗ್‌ಡಮ್ ಕಮ್' ಅನ್ನು ಪೂರ್ತಿ ಪೇಂಟಿಂಗ್‌ನಲ್ಲೇ ಮಾಡಿದ ಅಲೆಕ್ಸ್ ರಾಸ್ ಅಂಥವರು. ಅವರ ಪುಟಗಳೂ ಕೆಲವೊಮ್ಮೆ ಫೋಟೋ ತೆಗೆಸಿಕೊಳ್ಳಲು ನಿಂತಂತೆ ಬಿಗಿಯಾಗುತ್ತವೆ ಅಂತ ನನಗನಿಸುತ್ತದೆ. ಇದಕ್ಕೆ ಜಗಳ ಕಾಯುವವರು ಬರಬಹುದು.

ಅಂದಹಾಗೆ, ಈಗ ಒಂದೇ ಸಂಚಿಕೆಗೆ ಹಲವು ಮುಖಪುಟ ಮಾಡಿ ಮಾರುತ್ತಾರೆ. ಮುಖಪುಟ ಬರೆದವರು, ಒಳಗೆ ಬರೆದವರು ಬೇರೆ ಬೇರೆ ಇರುವುದೇ ಹೆಚ್ಚು. ಮುಖಪುಟ ನೋಡಿ ರೊಕ್ಕ ಹಾಕಬೇಡಿ. ಒಳಗಿನ ಎರಡು ಮೂರು ಪುಟ ಮಾದರಿಗೆ ಸಿಗುತ್ತದೆ, ಅದನ್ನು ನೋಡಿ.

ಬಣ್ಣ ಹಾಕುವವರು, ಅಕ್ಷರ ಬರೆಯುವವರು ಯಾರ ಲೆಕ್ಕಕ್ಕೂ ಇಲ್ಲ ಪಾಪ. ರಾತ್ರಿಯ ದೃಶ್ಯ ಅಂತ ಎಲ್ಲವನ್ನೂ ಕಂದು, ಕಡುನೀಲಿ ಮಾಡಿಬಿಟ್ಟರೆ ಗೆರೆ ಮುಳುಗಿಹೋಗುತ್ತದೆ. ಆಗ ನಾವು ಬೈಯುವುದು ಗೆರೆ ಎಳೆದವರನ್ನು. ಬಲೂನ್ ಇಡುವವರು ಒಂಚೂರು ತಪ್ಪಿದರೆ ಉತ್ತರ ಮೊದಲು, ಪ್ರಶ್ನೆ ಆಮೇಲೆ. ಆಗ ಬೈಸಿಕೊಳ್ಳುವುದು ಕಥೆ ಬರೆದವರು.

ನಮ್ಮಲ್ಲಿ ನನ್ನ ವಯಸ್ಸಿನ ಹಲವರು ಕಾಮಿಕ್ಸ್ ಶುರು ಮಾಡಿದ್ದು ಹಿಂದಿಯ ರಾಜ್ ಕಾಮಿಕ್ಸ್‌ನಿಂದ. ಅದರಲ್ಲಿ ಸೂಪರ್ ಕಮಾಂಡೋ ಧ್ರುವನ ಎಷ್ಟೋ ಸಂಚಿಕೆಗಳ ಕಥೆ ಕಟ್ಟಿದವರೂ ಚಿತ್ರ ಬರೆದವರೂ ಅನುಪಮ್ ಸಿನ್ಹಾ ಅವರೇ. ಅದನ್ನು ಓದುವಾಗ ಕಥೆನಾ ಚಿತ್ರನಾ ಅಂತ ಯಾರೂ ಕೇಳಲಿಲ್ಲ, ಅಲ್ವಾ?

ಈಗಿನ ತೊಂದರೆ ಬೇರೆ. ಊರಲ್ಲಿ ಈ ಸಂಚಿಕೆಗಳು ಕೈಗೆ ಸಿಗುವುದು ಕಷ್ಟ, ಬಹಳ ಜನ ಓದುವುದು ಫೋನಿನಲ್ಲಿ. ಆ್ಯಪ್‌ಗಳು ಒಂದೊಂದೇ ಪ್ಯಾನೆಲ್ ದೊಡ್ಡದು ಮಾಡಿ ತೋರಿಸುತ್ತವೆ. ಡಿಟ್ಕೊ ಅವರ ಆ ಪುಟಗಳನ್ನು ಹಾಗೆ ನೋಡಿದರೆ ಎಲ್ಲ ಪ್ಯಾನೆಲ್ಲೂ ಪರದೆಯಷ್ಟೇ ಆಗಿಬಿಡುತ್ತವೆ. ದೊಡ್ಡದಾಗುತ್ತಾ ಹೋಗುವ ಆಟವೇ ಕೆಟ್ಟಿತು. ಮೊದಲು ಇಡೀ ಪುಟ ನೋಡಿ, ಆಮೇಲೆ ಬೇಕಾದರೆ ಹಿಗ್ಗಿಸಿ. ಎರಡು ಪುಟಕ್ಕೆ ಹರಡಿದ ಚಿತ್ರ ಬಂದರೆ ಫೋನು ಅಡ್ಡ ಹಿಡಿಯಿರಿ. ಹಾಗೆ ನೋಡದೆ ಚಿತ್ರ ಸರಿಯಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಕೊಳ್ಳುವ ಮುಂಚೆ ಹೆಸರುಗಳನ್ನೂ ಓದಿ. ಒಬ್ಬ ಕಲಾವಿದ ದಿನಕ್ಕೆ ಹೆಚ್ಚುಕಡಿಮೆ ಒಂದು ಪುಟ ಮುಗಿಸುತ್ತಾನೆ ಅಂದುಕೊಂಡರೂ ತಿಂಗಳಿಗೆ 20 ಪುಟ ಸುಲಭವಲ್ಲ. ಹಾಗಾಗಿ ಕಥೆಯ ನಡುವೆ ಬೇರೆಯವರು ಬಂದು ಚಿತ್ರ ಬರೆದು ಹೋಗುವುದುಂಟು. ಬರಹಗಾರರ ಹೆಸರು ಬದಲಾದರೆ ನಾನು ಒಂದು ಸಂಚಿಕೆ ನೋಡೋಣ ಅಂತ ಕೊಳ್ಳುತ್ತೇನೆ. ಕಲಾವಿದರ ಹೆಸರು ಬದಲಾದರೆ ಮಾದರಿ ಪುಟ ನೋಡುವ ತನಕ ರೊಕ್ಕ ಬಿಚ್ಚುವುದಿಲ್ಲ.